ಮೌಶಿ ಆರಿಸಿದ್ದು, ಮೌಶಿ ಹಚ್ಚಿದ್ದು

ನಮ್ಮ ಮೌಶಿಯ ಕೈಗೆ ಸ್ವಿಚ್ಚೊಂದು ಸಿಕ್ಕಿದ್ದರೆ ಸೂರ್ಯನನ್ನೂ ಸಂಜೆ ಐದಕ್ಕೇ ಆರಿಸಿಬಿಡುತ್ತಿದ್ದಳು! ಐದಕ್ಕೆ ಕಾಲೇಜು ಬಿಡುತ್ತದೆ. ಮೈದಾನದಲ್ಲಿ ಯಾರೂ ಇರುವುದಿಲ್ಲ. ಯಾರೂ ಇಲ್ಲದ ಜಾಗಕ್ಕೆ ಅಷ್ಟು ದೊಡ್ಡ ದೀಪ ಯಾಕೆ ಬೇಕು, ನೀವೇ ಹೇಳಿರಿ?

ನಗಬೇಡಿರಿ. ನಾನು ಅವಳ ಖಾಸ ಅಕ್ಕನ ಮಗಳು. ತೊಂಬತ್ತರ ದಶಕದಲ್ಲಿ ಧಾರವಾಡದ ಅವಳ ಮನೆಯಲ್ಲಿದ್ದುಕೊಂಡು, ಹುಬ್ಬಳ್ಳಿಯಲ್ಲಿ ಅವಳು ಪಾಠ ಹೇಳುತ್ತಿದ್ದ ಎಂಜಿನಿಯರಿಂಗ್ ಕಾಲೇಜಿನಲ್ಲೇ ಓದಿದವಳು. ಅಂದರೆ ಮನೆಯಲ್ಲೂ ಅವಳೇ, ಬಸ್ಸಿನಲ್ಲೂ ಅವಳೇ, ಕ್ಲಾಸಿನಲ್ಲೂ ಅವಳೇ. ಇಂಥ ಯೋಗ ಯಾವ ಶತ್ರುವಿಗೂ ಬೇಡ! ಮೆಕ್ಯಾನಿಕಲ್ ವಿಭಾಗದಲ್ಲಿ ಸೀರೆ ಉಟ್ಟುಕೊಂಡು ಬರುತ್ತಿದ್ದವಳು ಅವಳೊಬ್ಬಳೇ. ಕೊರಳಲ್ಲಿ ಸರವಿಲ್ಲ, ಕೈಯಲ್ಲಿ ಬಳೆ ಇಲ್ಲ, ಬಗಲಲ್ಲಿ ಒಂದು ಗೋಣಿಚೀಲ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಎರಡು ಮಂದಿ ಅಂದಮ್ಯಾಲೆ ಎರಡು ಖೋಲಿ, ಎರಡು ಖೋಲಿಗೆ ಎರಡು ಬಲ್ಬು. ಯಾಕ ಬೇಕದು?" ಎನ್ನುತ್ತಿದ್ದಳು. ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು. ಅವಳಿಗೆ ಬೇಕಾಗಿದ್ದೂ ಅಷ್ಟೇ.

ಕಾಲೇಜಿನ ಹುಡುಗರು ಅವಳಿಗೆ ಇಟ್ಟ ಹೆಸರು 'ಆಫ್ ಮೇಡಮ್'. ಆಫ್ ಮೇಡಮ್ಮಿನ ಹಿಂದೆ ಸದಾ ತಿರುಗುವ ಕುಳ್ಳಿ ನಾನು. ಹಾಗಾಗಿ ನನಗೆ 'ಝೀರೋ ಬಲ್ಬು'. ನಾಲ್ಕು ವರ್ಷ ಅದೇ ಹೆಸರಿನಲ್ಲಿ ಉರಿದೆ.

ಒಮ್ಮೆ ಪ್ರಿನ್ಸಿಪಾಲರ ಕೋಣೆಯಲ್ಲಿ ದೊಡ್ಡ ಮೀಟಿಂಗು. ಆಡಳಿತ ಮಂಡಳಿಯ ದೊಡ್ಡವರೆಲ್ಲ ಕೂತಿದ್ದಾರೆ. ಮಧ್ಯಾಹ್ನ ಹನ್ನೆರಡರ ಹೊತ್ತು, ಹೊರಗೆ ಬಿಸಿಲು ಭಣಭಣ. ಒಳಗೆ ಮಾತ್ರ ದಪ್ಪ ಪರದೆ ಎಳೆದು ಇದ್ದಬದ್ದ ಟ್ಯೂಬ್‌ಲೈಟೆಲ್ಲ ಹಚ್ಚಿಕೊಂಡು ಕೂತಿದ್ದಾರೆ! ಮೌಶಿ ಯಾವುದೋ ಸಹಿಗೆ ಹೋದವಳು, ಸಹಿ ತಗೊಂಡಳು, ಬಾಗಿಲ ಹತ್ತಿರ ಬಂದಳು, ರೂಢಿಯಂತೆ ಪಟಪಟ ಎಲ್ಲ ಸ್ವಿಚ್ಚು ಆರಿಸಿ ಹೊರಟುಬಿಟ್ಟಳು. ಕೋಣೆ ಕಗ್ಗತ್ತಲೆ! ಒಳಗಿನಿಂದ ಪ್ರಿನ್ಸಿಪಾಲರ ದನಿ ಮಾತ್ರ ಬಂತು: "ಮೇಡಮ್, ನಾವಿನ್ನೂ ಒಳಗ ಅದೇವ್ರೀ!"

ಬೇರೆ ಯಾರೇ ಆಗಿದ್ದರೂ ಮಾಫಿ ಕೇಳುತ್ತಿದ್ದರು. ನಮ್ಮ ಮೌಶಿ ತಿರುಗಿ ಬಂದು, ಕತ್ತಲಲ್ಲೇ ತಡವುತ್ತ ಕಿಟಕಿಯ ಹತ್ತಿರ ಹೋಗಿ, ಪರದೆಯನ್ನು ಸರ್ರನೆ ಸರಿಸಿದಳು. "ಇದು ಫುಕಟ್ ಬೆಳಕು ನೋಡ್ರಿ ಸರ್" ಎಂದಳು. ಬೆಳಕು ಬಿದ್ದಾಗ ಆಡಳಿತ ಮಂಡಳಿಯವರೊಬ್ಬರು ಎಲ್ಲರಿಗಾಗಿ ತಂದಿಟ್ಟಿದ್ದ ಗೋಡಂಬಿ ತಟ್ಟೆಯ ಮೇಲೆ ಎರಡೂ ಕೈ ಇಟ್ಟಿದ್ದರಂತೆ. ಕತ್ತಲಾದದ್ದು ಎಷ್ಟು ಹೊತ್ತು? ಅಷ್ಟರಲ್ಲೇ!

ಮೌಖಿಕ ಪರೀಕ್ಷೆ ಬಂತೆಂದರೆ ಹುಡುಗರ ಎದೆ ಡವಡವ. ಥರ್ಮೋಡೈನಮಿಕ್ಸ್‌ಗೆ ಹೆದರಿ ಅಲ್ಲ, ಮೌಶಿಯ ಕೊನೆಯ ಪ್ರಶ್ನೆಗೆ ಹೆದರಿ. ಒಬ್ಬ ಹುಡುಗ ಎರಡನೆಯ ನಿಯಮ ಹೇಳಲಾರದೆ ಮೇಲೆ ಕೆಳಗೆ ನೋಡುತ್ತಿದ್ದ. ಬೇರೆ ಊರಿನಿಂದ ಪರೀಕ್ಷಕರಾಗಿ ಬಂದಿದ್ದ ಪ್ರೊಫೆಸರೊಬ್ಬರು ಪಕ್ಕದಲ್ಲಿ ಕೂತಿದ್ದರು. ಮೌಶಿ ಹೇಳಿದಳು: "ಹೋಗಲಿ ಬಿಡಪಾ. ಒಂದು ಸರಳ ಪ್ರಶ್ನೆ ಕೇಳ್ತೀನಿ. ಹಾಸ್ಟೆಲ್ ರೂಮಿನಿಂದ ಹೊರಡೂ ಮುಂದ ಫ್ಯಾನ್ ಆಫ್ ಮಾಡಿಯೇನು?"

"ಮಾಡೇನ್ರಿ ಮೇಡಮ್."

"ಖರೇ?"

"ಖರೇನರಿ."

"ದೇವರ ಮ್ಯಾಲೆ ಆಣಿ?"

ಹುಡುಗ ಬೆವರಿದ. ಆದರೆ ಅವನಿಗಿಂತ ಹೆಚ್ಚು ಬೆವರಿದವರು ಪಕ್ಕದ ಪ್ರೊಫೆಸರು. ಮೆಲ್ಲಗೆ ಎದ್ದು, "ಮೇಡಮ್, ಒಂದು ನಿಮಿಷ ಬಂದೆ" ಎಂದು ಗೆಸ್ಟ್ ಹೌಸಿನ ಕಡೆ ಓಡಿದರು!

ಇಷ್ಟೆಲ್ಲ ಆರಿಸುವುದರಲ್ಲೇ ನಡೆದಿತ್ತು. ಮೌಶಿಗೆ ಏನಾದರೂ ಹಚ್ಚಬೇಕೆಂಬ ಹುಕಿ ಬಂದದ್ದು ನಾನು ಮೂರನೆಯ ವರ್ಷದಲ್ಲಿದ್ದಾಗ.

ಹುಡುಗರ ಹಾಸ್ಟೆಲ್ ಮೆಸ್ಸಿನ ಹಿಂದೆ ಒಂದು ಡ್ರಮ್ಮು ಇರುತ್ತಿತ್ತು. ಊಟವಾದ ಮೇಲೆ ಎಲ್ಲರೂ ತಟ್ಟೆಯಲ್ಲಿ ಉಳಿದ ಅನ್ನ, ಸಾರು, ರೊಟ್ಟಿ ತುಣುಕು ಅದಕ್ಕೆ ಸುರಿಯುತ್ತಿದ್ದರು. ಒಂದು ದಿನ ಮೌಶಿ ಅದರೊಳಗೆ ಬಗ್ಗಿ ನೋಡಿದಳು. ನೋಡಿದಳು ಅಂದರೆ, ಬಾವಿಯೊಳಗೆ ಬಿದ್ದ ಕೊಡ ನೋಡುವಂತೆ ಬಹಳ ಹೊತ್ತು ನೋಡಿದಳು. ಮನೆಗೆ ಬಂದವಳೇ, "ಗ್ಯಾಸು! ಎಲ್ಲಾ ಗ್ಯಾಸು!" ಎಂದಳು. ನಾನು ಹೊಟ್ಟೆನೋವೇನೋ ಅಂದುಕೊಂಡು ಓಮಿನಕಾಳು ತರಲು ಎದ್ದೆ.

"ಕೂಡ ಅಲ್ಲೇ! ಆ ಡ್ರಮ್ಮಿನಾಗ ಇಡೀ ಮೆಸ್ಸಿನ ಚಹಾ ಕುದಸೂ ಅಷ್ಟು ಗ್ಯಾಸ್ ಅದ. ಎಲ್ಲಾ ಚರಂಡಿಗೆ ಹೊಂಟದ."

ಎಂಜಲು ಅನ್ನದಿಂದ ಗ್ಯಾಸು ತೆಗೆದು ಒಲೆ ಹೊತ್ತಿಸುವ ಯೋಜನೆ ಹುಟ್ಟಿದ್ದು ಹೀಗೆ. ಪ್ರಿನ್ಸಿಪಾಲರು ಮೊದಲು ಒಪ್ಪಲಿಲ್ಲ. ಮೌಶಿ ದಿನಾ ಅವರ ಕೋಣೆಗೆ ಹೋಗಿ ಕೂತಳು. ಅವಳು ಕೂತಷ್ಟು ಹೊತ್ತೂ ಅವರು ಫ್ಯಾನು ಹಾಕುವಂತಿಲ್ಲ, ದೀಪ ಹಚ್ಚುವಂತಿಲ್ಲ. ಬೇಸಿಗೆ ಬೇರೆ. ಪಾಪ, ಎಷ್ಟು ದಿನ ತಡೆದಾರು? ಸಹಿ ಬಿತ್ತು! ಮೆಸ್ಸಿನ ಹಿಂದೆ ದೊಡ್ಡ ಟ್ಯಾಂಕು ಎದ್ದಿತು. ಒಂದು ಕಡೆಯಿಂದ ಎಂಜಲು ಹಾಕಬೇಕು, ಒಳಗೆ ಅದು ಕೊಳೆತು ಗ್ಯಾಸಾಗಬೇಕು, ಇನ್ನೊಂದು ಕಡೆಯಿಂದ ಪೈಪಿನಲ್ಲಿ ಗ್ಯಾಸು ಒಲೆಗೆ ಬರಬೇಕು.

ಮೆಸ್ಸಿನ ಅಡುಗೆಯವನಿಗೆ ಮಾತ್ರ ಜೀವದ ಮೇಲೆ ಆಸೆ ಬಹಳ.

"ಬಾಯಾರ, ಇದು ಸಿಡದರ ಏನ್ರಿ ಗತಿ?"

"ಸಿಡಿಯಂಗಿಲ್ಲೋ ಮಾರಾಯ."

"ಅಕಸ್ಮಾತ್ ಸಿಡೀತಂದ್ರ?"

"ಸಿಡದರ ನೀ ಕೇಳಲಿಕ್ಕೆ ಇರಂಗಿಲ್ಲ, ನಾ ಹೇಳಲಿಕ್ಕೆ ಇರಂಗಿಲ್ಲ. ಚಿಂತಿ ಯಾಕ ಮಾಡ್ತಿ?"

ಈ ಸಮಾಧಾನದ ಮಾತು ಕೇಳಿ ಅವನು ಆವತ್ತು ಸಾರಿಗೆ ಉಪ್ಪು ಹಾಕುವುದನ್ನೇ ಮರೆತ.

ಟ್ಯಾಂಕು ಇನ್ನೇನು ತಯಾರಾಗುವ ಹೊತ್ತಿಗೆ ಕಾಲೇಜಿನ ಗ್ಯಾದರಿಂಗು ಬಂತು. ನಮ್ಮಲ್ಲಿ ವಾರ್ಷಿಕೋತ್ಸವಕ್ಕೆ ಹಾಗೇ ಅನ್ನುವುದು. ಹಾಸ್ಟೆಲ್ಲಿನಲ್ಲಿ ಹಿಂದಿನ ದಿನ ಭಾರಿ ಊಟ. ಹುಡುಗರು ತಿಂದರು, ಬಿಟ್ಟರು. ಮೆಸ್ಸಿನವರು ಬಿಟ್ಟಿದ್ದನ್ನೆಲ್ಲ, ಹುಳಿ ಮಜ್ಜಿಗೆ, ಉಪ್ಪಿನಕಾಯಿ, ಹಳಸಿದ ಪಾಯಸ ಸಮೇತ, ಒಂದೇ ಸಲ ಟ್ಯಾಂಕಿಗೆ ಸುರಿದುಬಿಟ್ಟರು. ಹೊಸ ಟ್ಯಾಂಕು, ಎಳೆಗೂಸಿನ ಹೊಟ್ಟೆ! ತಡೆದೀತೇ? ಮರುದಿನ ಮಧ್ಯಾಹ್ನದ ಹೊತ್ತಿಗೆ ಒಳಗಿನದೆಲ್ಲ ಹುಳಿಯೆದ್ದು, ಮುಚ್ಚಳದ ಸಂದಿಯಿಂದ ವಾಸನೆ ಹೊರಟಿತು ನೋಡಿರಿ... ಅದನ್ನು ವಾಸನೆ ಎನ್ನುವುದು ಮರ್ಯಾದೆಯ ಮಾತು.

ಸಂಜೆ ಮುಖ್ಯ ಅತಿಥಿಗಳು ವೇದಿಕೆಗೆ ಬಂದರು. ಗಾಳಿ ಮೆಸ್ಸಿನ ಕಡೆಯಿಂದಲೇ ಬೀಸಬೇಕೇ? ಮುಂದಿನ ಸಾಲಿನ ಹೆಂಗಸರು ಸೆರಗು ಮೂಗಿಗೆ ಹಿಡಿದರು. ಅತಿಥಿಗಳು ಕರವಸ್ತ್ರ ಹಿಡಿದುಕೊಂಡೇ ಭಾಷಣ ಶುರು ಮಾಡಿದರು. ಮೊದಲೇ ಬರೆದುಕೊಂಡು ಬಂದದ್ದು, ಬದಲಿಸಲು ಆಗುತ್ತದೆಯೇ? "ಈ ಕಾಲೇಜಿನ ಕೀರ್ತಿಯ ಪರಿಮಳ ಇಂದು ನಾಲ್ಕೂ ದಿಕ್ಕಿಗೆ..." ಎಂದು ಓದಿ ನಿಂತುಬಿಟ್ಟರು! ಅವತ್ತು ಹುಡುಗರು ನಕ್ಕ ನಗೆ ಧಾರವಾಡದ ಹಾದಿಯ ರಾಯಾಪುರದವರೆಗೆ ಕೇಳಿಸಿರಬೇಕು.

ಪ್ರಿನ್ಸಿಪಾಲರು ನಗಲಿಲ್ಲ. ಮರುದಿನ ಮೌಶಿಯನ್ನು ಕರೆಸಿ, ಫ್ಯಾನು ಜೋರಾಗಿ ಹಾಕಿಕೊಂಡೇ ಹೇಳಿದರು: "ಮೇಡಮ್, ಮುಂದಿನ ಸೋಮವಾರ ನಾ ಬಂದು ನೋಡ್ತೀನಿ. ಒಲಿ ಹತ್ತಿದ್ರ ಸರಿ. ಇಲ್ಲಂದ್ರ ಅದರಾಗ ಮಣ್ಣು ಹಾಕಿ ಮುಚ್ಚಿಸಿಬಿಡ್ತೀನಿ. ಮುಂದ ಈ ಕ್ಯಾಂಪಸ್ಸಿನಾಗ ಪರಿಸರ ಗಿರಿಸರ ಅಂತ ಯಾವ ಮಾತೂ ಬ್ಯಾಡ."

ಅವತ್ತು ಮೌಶಿ ಮನೆಗೆ ಬಂದು ಜಗುಲಿಯ ಮೇಲೆ ಕೂತಳು. ಊಟಕ್ಕೆ ಕರೆದರೆ ಬೇಡವೆಂದಳು. ಮೊದಲನೆಯ ಸಲ ನನಗೆ ಹೆದರಿಕೆಯಾಯಿತು.

"ಹುಡುಗ್ರು ನಕ್ಕರು ಅಂತ ಬ್ಯಾಸರೇನು ಮೌಶಿ?"

"ಅವರು ನಗಲಿ ಬಿಡವಾ. ನಗೂ ವಯಸ್ಸು. ನನ್ನ ಕೆಲಸ ನನ್ನ ಕಣ್ಣ ಮುಂದ ಕೆಟ್ಟಿತಲ್ಲ, ಅದು ಬ್ಯಾಸರ. ನಾಳೆ ಯಾರರೆ ಇನ್ನೊಬ್ಬರು ಇಂಥಾದ್ದು ಮಾಡಲಿಕ್ಕೆ ಹೋದರ, ಆ ಮೇಡಮ್ಮಿನ ಗಟಾರ ನೆನಪದ ಅಲ್ಲ, ಅಂತಾರ. ಅವರಿಗೂ ಬಾಗಿಲ ಮುಚ್ಚಿದಂಗಾತು."

ಏನಾದರೂ ಹೇಳಬೇಕಲ್ಲ ಎಂದು, "ಮೌಶಿ, ಅದಕ್ಕ ಅಜೀರ್ಣ ಆಗಿರಬೇಕು" ಎಂದೆ. ಚೇಷ್ಟೆಗೆ ಅಂದದ್ದು. ಮೌಶಿ ಧಡಕ್ಕನೆ ಎದ್ದಳು!

"ಹೌದಲ್ಲೇ! ಅಜೀರ್ಣ ಆದವರಿಗೆ ಏನು ಮಾಡ್ತೀವಿ? ಉಪಾಸ!"

ಮರುದಿನದಿಂದ ಟ್ಯಾಂಕಿಗೆ ಕಡ್ಡಾಯ ಉಪವಾಸ. ಎಂಜಲು ಬಂದ್. ಹುಳಿ ಮುರಿಯಲು ಸುಣ್ಣದ ನೀರು. ಇಷ್ಟೇ ಸಾಲದು, ಒಳಗೆ ಸತ್ತುಹೋಗಿದ್ದ ಸೂಕ್ಷ್ಮಾಣುಗಳ ಜಾಗಕ್ಕೆ ಹೊಸ ಜೀವ ಬೇಕು. ಅದು ಸಿಗುವುದು ಸಗಣಿಯಲ್ಲಿ. ಸಗಣಿ ಇರುವುದು ಧಾರವಾಡದ ಗೌಳಿಗರ ಓಣಿಯಲ್ಲಿ. ಟ್ಯಾಂಕು ಇರುವುದು ಹುಬ್ಬಳ್ಳಿಯಲ್ಲಿ. ನಡುವೆ ಇರುವುದು ಏನು? ನಮ್ಮ ಬಸ್ಸು!

ಎರಡು ಎಣ್ಣೆ ಡಬ್ಬಿಗಳಲ್ಲಿ ಎಮ್ಮೆ ಸಗಣಿ ತುಂಬಿ, ಮುಚ್ಚಳ ಬಿಗಿದು, ಬೆಳಗಿನ ಆಫೀಸು ಬಸ್ಸು ಹತ್ತಿದೆವು. ಕಂಡಕ್ಟರು ನಮ್ಮಿಬ್ಬರ ಕಾಲ ಹತ್ತಿರ ಇದ್ದ ಡಬ್ಬಿ ನೋಡಿದ.

"ಮೇಡಮ್ಮರ, ಏನೈತ್ರಿ ಇದರಾಗ?"

ಮೌಶಿ ಸುಳ್ಳು ಹೇಳುವವಳಲ್ಲ. "ಬ್ಯಾಕ್ಟೀರಿಯಾ" ಎಂದಳು.

"ತಿನ್ನೂದೇನ್ರಿ?"

"ತಿನ್ನೂದಲ್ಲ. ಅದ ತಿಂತದ."

ಕಂಡಕ್ಟರು ಡಬ್ಬಿಯಿಂದ ಒಂದು ಹೆಜ್ಜೆ ಹಿಂದೆ ಸರಿದ. "ಲಗೇಜಿನ ತಿಕೀಟ ತಗೋಬೇಕಾಕ್ಕತ್ರಿ."

"ಜೀವ ಇದ್ದದ್ದು ಅದ. ಅದನ್ನ ಲಗೇಜ್ ಅಂತೀಯೇನು?"

"ಜೀವ ಇದ್ರ ಫುಲ್ ತಿಕೀಟ ಆಕ್ಕತ್ರಿ ಹಂಗಾರ!" ಎಂದ ಅವನು. ಸುತ್ತ ಇದ್ದವರು ಗೊಳ್ಳೆಂದರು. ಮೌಶಿಯೂ ನಕ್ಕಳು. ಎರಡು ದಿನಗಳ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಾನು ಮನಸ್ಸಿನಲ್ಲೇ ಆ ಕಂಡಕ್ಟರನಿಗೆ ಕೈಮುಗಿದೆ.

ರಾಯಾಪುರದ ಹತ್ತಿರ ಡ್ರೈವರು ಒಮ್ಮೆಲೆ ಬ್ರೇಕು ಹಾಕಿದ. ಒಂದು ಡಬ್ಬಿಯ ಮುಚ್ಚಳ ಹಾರಿತು. ಮುಂದಿನದು ನಾನು ವಿವರಿಸಬೇಕೇ? ಧಾರವಾಡ-ಹುಬ್ಬಳ್ಳಿ ಬಸ್ಸಿನಲ್ಲಿ ಬೆಳಿಗ್ಗೆ ನಿಂತುಕೊಂಡು ಹೋದವರಿಗೆ ಸೀಟಿನ ಬೆಲೆ ಗೊತ್ತು. ಅವತ್ತು ನಮ್ಮ ಹಿಂದೆ ಮುಂದೆ ಅಕ್ಕಪಕ್ಕ ಎಲ್ಲ ಸೀಟು ಖಾಲಿ! ಇಸ್ತ್ರಿ ಅಂಗಿಯ ಗುಮಾಸ್ತರೆಲ್ಲ ಬಸ್ಸಿನ ಹಿಂಭಾಗಕ್ಕೆ ಹೋಗಿ ಒಬ್ಬರ ಮೇಲೊಬ್ಬರು ನಿಂತರು. ಮೌಶಿ ಕಾಲು ಚಾಚಿ ಆರಾಮಾಗಿ ಕೂತು, ನನ್ನ ಕಿವಿಯಲ್ಲಿ ಹೇಳಿದಳು: "ಛಲೋ ಆತಲ್ಲೇ! ದಿನಾ ತರೂಣೇನು?"

ಸೋಮವಾರ ಬಂತು. ಪ್ರಿನ್ಸಿಪಾಲರು ಬಂದರು, ಹಿಂದೆ ಮಣ್ಣಿನ ಟ್ರ್ಯಾಕ್ಟರೂ ಬಂತು. ಮೌಶಿಯ ಮೇಲೆ ಅವರಿಗೆ ಅಷ್ಟು ನಂಬಿಕೆ! ಸುದ್ದಿ ಹಬ್ಬಿ ಹುಡುಗರೂ ನೆರೆದಿದ್ದರು. ಎಲ್ಲರಿಗೂ ಕಾಣಲಿ ಎಂದು ಒಲೆಯನ್ನು ಹೊರಗೆ ಅಂಗಳದ ಬಿಸಿಲಿನಲ್ಲೇ ಇಟ್ಟಿದ್ದರು. ಅಡುಗೆಯವನು ಮಾತ್ರ ದೊಡ್ಡ ಪರಾತ ಒಂದನ್ನು ಎದೆಗೆ ಅಡ್ಡ ಹಿಡಿದು ಬಾಗಿಲ ಹಿಂದೆ ನಿಂತಿದ್ದ. "ನನಗ ಸಣ್ಣ ಸಣ್ಣ ಮಕ್ಕಳು ಅದಾವ್ರಿ ಬಾಯಾರ" ಎಂದು ಅಲ್ಲಿಂದಲೇ ಕೂಗಿದ.

ಮೌಶಿ ನಳ ತಿರುಗಿಸಿ ಕಡ್ಡಿ ಗೀರಿದಳು. ಏನೂ ಕಾಣಲಿಲ್ಲ. ಮತ್ತೊಂದು ಕಡ್ಡಿ ಗೀರಿದಳು. ಊಹೂಂ! ಒಲೆ ಇದ್ದ ಹಾಗೇ ಇದೆ. ಹುಡುಗರ ಗುಂಪಿನಲ್ಲಿ ಕಿಸಿಕಿಸಿ ಶುರುವಾಯಿತು. ಮೌಶಿಯ ಮುಖ ಬಿಳಿಚಿಕೊಂಡಿತು. ನಾನು ಅವಳ ಮುಖ ನೋಡಲಾಗದೆ ನೆಲ ನೋಡತೊಡಗಿದೆ.

ಪ್ರಿನ್ಸಿಪಾಲರು ನಿಟ್ಟುಸಿರು ಬಿಟ್ಟರು. ನಿಜ ಹೇಳಬೇಕೆಂದರೆ ಅವರಿಗೂ ಕೆಟ್ಟದ್ದೇ ಅನಿಸಿರಬೇಕು. "ಇರಲಿ ಬಿಡ್ರಿ ಮೇಡಮ್, ನೀವರೆ ಏನು ಮಾಡ್ತೀರಿ? ಇದರಾಗ ಏನೂ ಇಲ್ಲ ನೋಡ್ರಿ" ಎಂದು ಸಮಾಧಾನದಿಂದ ಒಲೆಯ ಮೇಲೆ ಕೈ ಆಡಿಸಿದರು.

"ಅಯ್ಯಯ್ಯಯ್ಯೋ! ಹತ್ತೇತಿ! ಹತ್ತೇತಿ!"

ಎಂಥ ಚೀರಾಟ! ಆ ಗ್ಯಾಸಿನ ಉರಿ ತಿಳಿನೀಲಿ, ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಮೊದಲ ಕಡ್ಡಿಗೇ ಹೊತ್ತಿಕೊಂಡಿತ್ತು! ಎಷ್ಟು ದಿನ ಕೂತು ಹೇಳಿದರೂ ನಂಬದ ಮನುಷ್ಯ ಈಗ ಎಲ್ಲರ ಮುಂದೆ ಬೆರಳು ಝಾಡಿಸುತ್ತ ತಾನೇ ಸಾರಿ ಹೇಳುತ್ತಿದ್ದಾರೆ! ಹುಡುಗರು ಹೋ ಎಂದು ಚಪ್ಪಾಳೆ ಹೊಡೆದರು. ಆಮೇಲೆ ಅದೇ ಒಲೆಯ ಮೇಲೆ ಚಹಾ ಆಯಿತು. ಪ್ರಿನ್ಸಿಪಾಲರು ಬಲಗೈ ಬೆರಳನ್ನು ತಣ್ಣೀರಿನ ತಂಬಿಗೆಯಲ್ಲಿ ಅದ್ದಿಕೊಂಡು ಎಡಗೈಯಲ್ಲಿ ಚಹಾ ಕುಡಿದರು. "ಚಹಾ ಛಲೋ ಆಗೇತ್ರಿ ಮೇಡಮ್" ಎಂದರು. ಮಣ್ಣಿನ ಟ್ರ್ಯಾಕ್ಟರು ಬಂದ ದಾರಿ ಹಿಡಿದು ಹೋಯಿತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಮೌಶಿ ಒಂದು ಕೆಲಸಕ್ಕೆ ತೃಪ್ತಳಾಗುವವಳೇ? ಅನ್ನ ಚೆಲ್ಲುವುದೇ ತಪ್ಪು ಎಂದು ಮೆಸ್ಸಿನ ಡ್ರಮ್ಮಿನ ಪಕ್ಕ ನಿಲ್ಲತೊಡಗಿದಳು. ಬೈಯುವುದಿಲ್ಲ, ಉಪದೇಶವಿಲ್ಲ. ತಟ್ಟೆಯಲ್ಲಿ ಬಿಟ್ಟುಕೊಂಡು ಬಂದ ಹುಡುಗನನ್ನು ಒಂದೇ ಮಾತು ಕೇಳುವಳು: "ಛಲೋ ಆಗಿಲ್ಲೇನಪಾ?" ಆಗಿದೆ ಎಂದರೆ, "ಹಂಗಾರ ತಿನ್ನು" ಎನ್ನುವಳು. ಆಗಿಲ್ಲ ಎಂದರೆ, "ಏ, ಬಾರೋ ಇಲ್ಲೆ, ನಿನ್ನ ಅಡಿಗಿ ಛಲೋ ಆಗಿಲ್ಲಂತ" ಎಂದು ಅಡುಗೆಯವನನ್ನು ಕರೆಯುವಳು. ಅವನು ಸೌಟು ಹಿಡಿದುಕೊಂಡೇ ಬರುವನು! ಹುಡುಗ ನಿಂತಲ್ಲೇ ತಟ್ಟೆ ನೆಕ್ಕುವನು.

ಕೆಲವೇ ತಿಂಗಳಲ್ಲಿ ಅಡುಗೆಯವನು ಮುಖ ಸಣ್ಣದು ಮಾಡಿಕೊಂಡು ಬಂದ. ಈಗ ಅವನಿಗೂ ಆ ಒಲೆಯ ಮೇಲೆ ಪ್ರೀತಿ ಬಂದಿತ್ತು. "ಬಾಯಾರ, ಗ್ಯಾಸ್ ಕಡಿಮಿ ಆಗಾಕತ್ತೇತ್ರಿ. ಹುಡುಗ್ರು ಏನೂ ಬಿಡವಲ್ರು. ಟ್ಯಾಂಕು ಉಪವಾಸ ಬಿದ್ದೈತ್ರಿ!"

ಮೌಶಿ ಖುಷಿಯಿಂದ ಚಪ್ಪಾಳೆ ತಟ್ಟಿದಳು. "ಬೀಳಲಿ ಬಿಡೋ! ಅದು ಹಸದರ ನಾವು ಗೆದ್ದಂಗ!" ಎಷ್ಟು ಕಷ್ಟಪಟ್ಟು ಕಟ್ಟಿದ ಟ್ಯಾಂಕು! ಅದು ಹಸಿದಿದ್ದಕ್ಕೆ ಕುಣಿಯುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಿಲಾಡಿ ಹುಡುಗನೊಬ್ಬ ಈ ಸಮಯ ಸಾಧಿಸಿ ಅರ್ಧ ರೊಟ್ಟಿ ಬಿಟ್ಟುಕೊಂಡು ಬಂದ. ಮೌಶಿ ಕೇಳುವ ಮೊದಲೇ, "ಹೊಟ್ಟಿ ಹಸದೈತ್ರಿ ಮೇಡಮ್, ಆದ್ರೂ ಪರಿಸರಕ್ಕಂತ ಬಿಟ್ಟೇನ್ರಿ!" ಎಂದ.

ನನ್ನ ಓದು ಮುಗಿಯಿತು. ಕೆಲಸ ಸಿಕ್ಕಿತು. ಎಲ್ಲಿ ಅನ್ನುತ್ತೀರಿ? ವಿದ್ಯುತ್ ಇಲಾಖೆಯಲ್ಲಿ! "ಹೋಗಿ ಹೋಗಿ ಕರೆಂಟ್ ಮಾರೂ ಅಂಗಡಿ ಸೇರಿದ್ಯಾ?" ಎಂದು ಮೌಶಿ ವಾರಗಟ್ಟಲೆ ಮುನಿಸಿಕೊಂಡಿದ್ದಳು. ಆಮೇಲೆ ವರ ನೋಡುವ ಸುಗ್ಗಿ ಶುರುವಾಯಿತು. ಗಂಡಿನ ಕಡೆಯವರು ಬಂದಾಗ ರವೆಯ ಶಿರಾ ಮಾಡುವ ಜವಾಬ್ದಾರಿ ತನ್ನದೇ ಎಂದು ಮೌಶಿ ಹಟ ಹಿಡಿದಳು. ಅವಳ ಅಡುಗೆಯೆಲ್ಲ ಮಾಳಿಗೆಯ ಮೇಲಿನ ಸೌರ ಒಲೆಯಲ್ಲಿ. ಕನ್ನಡಿ ಹಚ್ಚಿದ ಕರಿ ಪೆಟ್ಟಿಗೆ, ಬಿಸಿಲು ಬಿದ್ದರೆ ಬೇಯುತ್ತದೆ. ಅವರು ಬಂದದ್ದು ಆಷಾಢದ ಮುಂಚಿನ ಗಡಿಬಿಡಿಯಲ್ಲಿ. ಧಾರವಾಡದ ಮೋಡ ಗೊತ್ತಲ್ಲ, ಬಂದರೆ ಹೋಗುವ ಮಾತೇ ಇಲ್ಲ. ಎರಡು ತಾಸು ಕಾದ ಮೇಲೆ ಹುಡುಗನ ತಂದೆ, "ಬರೇ ಚಹಾ ಆದರೂ ಸಾಕ್ರಿ" ಎಂದರು.

"ಬಿಸಲು ಬರಲ್ರಿ, ಚಹಾನೂ ಆಗ್ತದ" ಎಂದಳು ಮೌಶಿ.

ಅವರು ಎದ್ದು ಹೋದರು. ನಮ್ಮವ್ವ ಅಳುತ್ತ ಕೂತಳು. ಮೌಶಿ ಶಾಂತಳಾಗಿ, "ಎರಡು ತಾಸು ಕಾಯಲಾರದ ಮಂದಿ, ಈ ಹುಡುಗಿ ಸೀರಿ ಉಡೂತನಕ ಹ್ಯಾಂಗ ಕಾಯ್ತಿದ್ರು?" ಎಂದಳು. ಮುಂದೆ ನನ್ನನ್ನು ಲಗ್ನವಾದವರು ಬಂದದ್ದು ಏಪ್ರಿಲ್ ತಿಂಗಳಲ್ಲಿ. ಅವರ ಪುಣ್ಯವೋ ನನ್ನ ಪುಣ್ಯವೋ, ಬಿಸಿಲು ಚಟಚಟ ಇತ್ತು, ಶಿರಾ ಚುರುಚುರು ಬೆಂದಿತ್ತು! ಈಗಲೂ ನನ್ನ ಯಜಮಾನರು ಸಿಟ್ಟು ಬಂದಾಗ, "ಅವತ್ತ ಒಂದು ಮೋಡ ಬರಬಾರದಾಗಿತ್ತ?" ಎನ್ನುವುದುಂಟು.

ಇನ್ನೊಂದು ಸಂಗತಿ ಹೇಳಬೇಕು. ಇದು ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾದ ಮೇಲಿನದು. ಮೌಶಿಯ ನಿವೃತ್ತಿ ಹತ್ತಿರ ಬಂದಿತ್ತು.

ಕಾಲೇಜಿನಲ್ಲಿ ಹುಡುಗಿಯರಿಗೆ ಹಾಸ್ಟೆಲ್ ಇರಲಿಲ್ಲ. ಕಟ್ಟಲು ಮಂಜೂರಾತಿ ಬಂತು. ಜಾಗ ಎಲ್ಲಿ? ಗೇಟಿಗೆ ಹತ್ತಿರ, ಕಂಪೌಂಡಿನ ಒಳಗೆ, ನೀರಿನ ಪೈಪು ಇರುವ ಜಾಗ ಒಂದೇ. ಅಲ್ಲಿ ಬೇವಿನ ಗಿಡಗಳ ಸಾಲು ಇತ್ತು. ಮೌಶಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬರೀ ಕಲ್ಲು ಗರಸಾಗಿದ್ದ ನೆಲದಲ್ಲಿ ತಾನೇ ಕುಣಿ ತೋಡಿ ಹಚ್ಚಿದ ಗಿಡಗಳು. ಈಗ ಅವು ಮೂರು ಮಾಳಿಗೆ ಎತ್ತರ. ಕ್ಯಾಂಪಸ್ಸಿನ ಹಸಿರು ಸಮಿತಿಗೆ ಅವಳೇ ಅಧ್ಯಕ್ಷೆ. ಅವಳ ಸಹಿ ಇಲ್ಲದೆ ಕಾಲೇಜಿನವರು ಒಂದು ಟೊಂಗೆಯನ್ನೂ ಮುಟ್ಟುವಂತಿರಲಿಲ್ಲ.

ಮೌಶಿ ನಕಾಶೆ ಹಿಡಿದು, ಟೇಪು ಹಿಡಿದು ಹಲವು ದಿನ ಕ್ಯಾಂಪಸ್ಸು ಸುತ್ತಿದಳು. ಕಟ್ಟಡವನ್ನು ಆಚೆ ಸರಿಸಿ ನೋಡಿದಳು, ಈಚೆ ತಿರುಗಿಸಿ ನೋಡಿದಳು. ಹಿಂದಿನ ನಾಲೆಯ ಕಡೆ ಜಾಗವಿತ್ತು. ಆದರೆ ಅಲ್ಲಿ ಗೋಡೆ ಇಲ್ಲ, ದೀಪವಿಲ್ಲ, ಮುಸ್ಸಂಜೆಗೆ ಗಂಡಸರೇ ಓಡಾಡುವುದಿಲ್ಲ. ಹೇಗೋ ಮಾಡಿ ಅರ್ಧ ಸಾಲು ಉಳಿಸುವ ದಾರಿ ಹುಡುಕಿದಳು. ಇನ್ನರ್ಧ ಉಳಿಯುವ ಹಾಗಿರಲಿಲ್ಲ. ಅಲ್ಲಿಗೆ ನಿಂತುಬಿಟ್ಟಳು. ಸಹಿ ಮಾಡಲಿಲ್ಲ.

ಒಂದು ದಿನ ಹೊಸ ಕಟ್ಟಡದ ಕರೆಂಟಿನ ವಿಷಯಕ್ಕೆ ನಾನೂ ಇಲಾಖೆಯ ಕೆಲಸದ ಮೇಲೆ ಕಾಲೇಜಿನ ಆಫೀಸಿಗೆ ಹೋಗಿದ್ದೆ. ಪ್ರಿನ್ಸಿಪಾಲರು ಧಾರವಾಡ ಪೇಡೆಯ ದೊಡ್ಡ ಡಬ್ಬಿ ಹಿಡಿದುಕೊಂಡು ಮೌಶಿಯ ಮುಂದೆ ನಿಂತಿದ್ದರು. ಹಣೆಯ ಮೇಲೆ ಬೆವರು. "ಮೇಡಮ್, ಮೊದಲ ಬಾಯಿ ಸಿಹಿ ಮಾಡ್ಕೊಳ್ರಿ, ಆಮ್ಯಾಲೆ ಬೈಯೀರಂತ" ಎನ್ನುತ್ತಿದ್ದರು. ಮೌಶಿ ಡಬ್ಬಿಯ ಕಡೆ ನೋಡಲೂ ಇಲ್ಲ.

ಅಷ್ಟರಲ್ಲಿ ಕುಂದಗೋಳದ ಕಡೆಯ ಗೃಹಸ್ಥರೊಬ್ಬರು ಮಗಳನ್ನು ಕರೆದುಕೊಂಡು ಕೌಂಟರಿಗೆ ಬಂದರು. ಮೊದಲ ವರ್ಷದ ಹುಡುಗಿ. ಕಣ್ಣು ಕೆಂಪಾಗಿದ್ದವು.

"ಮಗಳ ಟೀಸಿ ಕೊಡ್ರಿ ಸರ್, ಕರಕೊಂಡು ಹೋಗ್ತೀನಿ."

ಮೌಶಿ ಎದ್ದು ಬಂದಳು. "ಯಾಕ್ರಿ? ಏನಾತು?"

"ಹಳೇ ಹುಬ್ಬಳ್ಳ್ಯಾಗ ಒಂದು ಖೋಲಿ ಹಿಡದಿದ್ವಿರಿ. ಮನಿ ಮಾಲಕರು ಬಿಡು ಅಂದ್ರು. ಮಗನ ಲಗ್ನ ಐತಂತ. ಬ್ಯಾರೆ ಕಡೆ ಕೇಳಿದ್ರ ಬರೇ ಹೆಣ್ಣುಮಕ್ಕಳಿಗೆ ಯಾರೂ ಕೊಡವಲ್ರು. ಊರಿಂದ ದಿನಾ ಬಂದು ಹೋಗೂಣಂದ್ರ ಬಸ್ಸು ಸರಿ ಇಲ್ರಿ. ಸಂಜಿ ಬಸ್ಸು ತಪ್ಪಿದ್ರ ಈಕಿ ಎಲ್ಲಿರಬೇಕ್ರಿ? ಸಾಕ್ರಿ ಮೇಡಮ್ಮರ, ಕಲತದ್ದು."

ಮೌಶಿ ಹುಡುಗಿಯ ಕಡೆ ತಿರುಗಿದಳು. "ನಿನಗ ಕಲೀಬೇಕಂತ ಅದ ಏನು?"

ಹುಡುಗಿ ತಲೆ ಎತ್ತಿದಳು. "ಮೆಕ್ಯಾನಿಕಲ್ ತಗೊಂಡೇನ್ರಿ ಮೇಡಮ್. ಎಲ್ಲಾರೂ ಬ್ಯಾಡ ಅಂದ್ರು, ಆದ್ರೂ ತಗೊಂಡೇನ್ರಿ" ಎಂದಳು.

ಮೌಶಿ ಅವಳ ತಂದೆಗೆ ಹೇಳಿದಳು: "ಟೀಸಿ ಇವತ್ತ ಸಿಗಂಗಿಲ್ರಿ. ಕ್ಲಾರ್ಕು ರಜಾದ ಮ್ಯಾಲೆ ಇದ್ದಾನ."

ಕೌಂಟರಿನ ಆಚೆ, ಅವರ ಎದುರಿಗೇ ಕೂತಿದ್ದ ಕ್ಲಾರ್ಕು ಒಂದು ಕ್ಷಣ ಬಾಯಿ ತೆರೆದ. ಮೌಶಿ ಅವನನ್ನು ನೋಡಿದಳು. ಅವನು ಬಾಯಿ ಮುಚ್ಚಿ, ಎದ್ದು, ಚಪ್ಪಲಿ ಮೆಟ್ಟಿಕೊಂಡು ರಜೆಯ ಮೇಲೆ ಹೊರಟುಹೋದ!

"ಹಾಸ್ಟೆಲ್ ಆಗೂತನಕ ಈಕಿ ಧಾರವಾಡದಾಗ ನಮ್ಮ ಮನ್ಯಾಗ ಇರ್ತಾಳ. ದಿನಾ ನನ್ನ ಜೋಡಿ ಬರ್ತಾಳ, ನನ್ನ ಜೋಡಿ ಹೋಗ್ತಾಳ. ಚಿಂತಿ ಮಾಡಬ್ಯಾಡ್ರಿ" ಎಂದಳು ಮೌಶಿ. ಆಮೇಲೆ ಪ್ರಿನ್ಸಿಪಾಲರ ಕಡೆ ಕೈ ಚಾಚಿದಳು. "ಆ ಕಾಗದ ಕೊಡ್ರಿ ಸರ್."

ಸಹಿ ಮಾಡಿದಳು. ಪ್ರಿನ್ಸಿಪಾಲರು ಪೇಡೆಯ ಡಬ್ಬಿ ಹಿಡಿದು ಹಾಗೇ ನಿಂತಿದ್ದರು. ಎಷ್ಟೋ ವರ್ಷ ಅವಳೊಡನೆ ಜಗಳಾಡಿದ ಮನುಷ್ಯನಿಗೆ ಗೆದ್ದೆನೋ ಸೋತೆನೋ ತಿಳಿಯಲಿಲ್ಲ. "ಮೇಡಮ್, ನಿಮ್ಮ ಗಿಡ..." ಎಂದರು.

"ಗಿಡ ಇನ್ನೊಂದು ಹಚ್ಚಬಹುದ್ರಿ. ಈಕಿ ಮನಿಗೆ ಹೋದಳಂದ್ರ ತಿರುಗಿ ಬರಂಗಿಲ್ಲ."

ಗಿಡ ಕಡಿಯುವ ದಿನದ ಹಿಂದಿನ ಸಂಜೆ ಮೌಶಿ ನನಗೆ ಫೋನು ಮಾಡಿದಳು. "ನಾಳೆ ಮುಂಜಾನೆ ಲಗೂ ಕಾಲೇಜಿಗೆ ಬಾ" ಎಂದಳು. ಯಾಕೆ ಎಂದರೆ ಹೇಳಲಿಲ್ಲ. ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿ ಗಿಡ ತಬ್ಬಿಕೊಂಡು ನಿಲ್ಲುವಳೋ ಏನೋ, ಪೇಪರಿನವರು ಬರುವರೋ ಏನೋ, ಎಂದು ಹೆದರಿಕೊಂಡೇ ಹೋದೆ. ಆಗತಾನೇ ಬಿಸಿಲು ಎದ್ದಿತ್ತು. ಕಡಿಯುವ ಆಳುಗಳು ಕೊಡಲಿ, ಹಗ್ಗ ಇಟ್ಟುಕೊಂಡು ಕಂಪೌಂಡಿನ ಗೋಡೆಯ ಮೇಲೆ ಸುಮ್ಮನೆ ಕೂತಿದ್ದರು.

ಮೌಶಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಕೀಟಿನಲ್ಲಿ ನೀರು ತಂದು ಆ ಗಿಡಗಳ ಬುಡಕ್ಕೆ ಹಾಕುತ್ತಿದ್ದಳು. ಉಳಿಯುವ ಅರ್ಧ ಸಾಲಿಗಲ್ಲ. ಇವತ್ತು ಬೀಳಬೇಕಾದವುಗಳಿಗೆ. ಒಂದೊಂದರ ಮುಂದೂ ಬಾಗಿ, ಬುಡದ ಸುತ್ತ ಮೆಲ್ಲಗೆ ಸುರಿದು, ನೀರು ಇಂಗುವವರೆಗೆ ನಿಂತು, ಮುಂದಿನದಕ್ಕೆ ಹೋಗುತ್ತಿದ್ದಳು. ಆಳುಗಳ ಹಿರಿಯ ಗೋಡೆಯ ಮೇಲಿಂದಲೇ, "ಸಾವಕಾಶ ಆಗಲ್ರಿ ಬಾಯಾರ, ನಮಗೇನೂ ಗಡಿಬಿಡಿ ಇಲ್ಲ" ಎಂದ.

ನಾನು ಹತ್ತಿರ ಹೋದೆ. "ಮೌಶಿ, ಇನ್ನೊಂದು ತಾಸಿಗೆ ಕಡೀತಾರ. ಈಗ ನೀರ್ಯಾಕ?"

ಅವಳು ನನ್ನ ಕಡೆ ನೋಡಲಿಲ್ಲ. ಕೈಯನ್ನು ಗಿಡದ ತೊಗಟೆಯ ಮೇಲೆ ಇಟ್ಟುಕೊಂಡೇ ಹೇಳಿದಳು:

"ನೀರಡಿಸಿ ಹೋಗಬಾರದವಾ."

ನಳದ ಹತ್ತಿರ ಇನ್ನೊಂದು ಬಕೀಟು ಇತ್ತು. ಹೋಗಿ ತುಂಬಿಸಿಕೊಂಡು ಬಂದೆ.